ಖಾಡಿಯ ಹುಳುವಿನ ತಲೆ ನೋಡಿ, ಬಣ್ಣ ನೋಡಬೇಡಿ

ಡೊಂಬಿವಲಿಯಿಂದ ಲೋಕಲ್, ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್, ಆಮೇಲೆ ಐರೋಲಿ. ಇಲ್ಲಿ ಕೂತಿರೋ ಅರ್ಧ ಜನರ ಬೆಳಗು ಇದೇ ಅಲ್ವಾ? ನನ್ನದೂ ಅಷ್ಟೇ, ಎಂಟು ವರ್ಷದಿಂದ. ಆಫೀಸಿನ ಕಿಟಕಿಯಿಂದ ಥಾಣೆ ಖಾಡಿ ಕಾಣುತ್ತೆ. ಖಾಡಿ ಅಂದ್ರೆ ನನಗೆ ಇಷ್ಟು ದಿನ ಬರೀ ವಾಸನೆ.

ಹೋದ ವರ್ಷ ಮಗಳಿಗೆ ಫ್ಲೆಮಿಂಗೊ ತೋರಿಸೋಣ ಅಂತ ಖಾಡಿಗೆ ಕರ್ಕೊಂಡು ಹೋದೆ. 2015ರಲ್ಲಿ ಅಭಯಾರಣ್ಯ ಅಂತ ಘೋಷಣೆಯಾದ ಜಾಗ, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ನೀರು ಇಳಿದಿತ್ತು. ದಡದ ಕೆಸರಲ್ಲಿ ಬೆರಳುದ್ದದ ಕೆಂಪು ಹುಳು ಹರೀತಿತ್ತು. "ಅಪ್ಪಾ, ಇದೇನು?" ಅಂದಳು. "ಎರೆಹುಳು ಪುಟ್ಟಾ" ಅಂದೆ. ಅವಳು ಸ್ಕೂಲ್ ಪ್ರಾಜೆಕ್ಟ್ ಪುಸ್ತಕದಲ್ಲಿ ಹಾಗೇ ಬರೆದಳು.

ಮನೆಗೆ ಬಂದು ಫೋಟೋ ಜೂಮ್ ಮಾಡಿ ಕೇಳಿದಳು: "ಎರೆಹುಳಕ್ಕೆ ಕಾಲು ಇರುತ್ತಾ?"

ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಸೊಸೈಟಿಯಲ್ಲಿ ಧಾರವಾಡದ ಕಡೆಯ ನಿವೃತ್ತ ಪ್ರಾಣಿಶಾಸ್ತ್ರ ಮೇಷ್ಟ್ರು ಒಬ್ಬರಿದ್ದಾರೆ. ಫೋಟೋ ನೋಡಿ ನಕ್ಕರು. "ಪಿಯುಸಿಯೊಳಗ ನೀರಿಸ್ ಓದಿಲ್ಲೇನು ತಮ್ಮಾ? ಬಣ್ಣ ಬಿಡು. ಮೊದ್ಲ ತಲಿ ನೋಡು, ಆಮ್ಯಾಲೆ ಮಗ್ಗಲು ನೋಡು."

ಮಗ್ಗಲಲ್ಲಿ, ಒಂದೊಂದು ಉಂಗುರಕ್ಕೂ ಎರಡೂ ಕಡೆ ಚಪ್ಪಟೆ ಕಾಲಿನಂಥ ಮಡಿಕೆ, ಅದರ ತುದಿಯಲ್ಲಿ ಬಿರುಗೂದಲಿನ ಗೊಂಚಲು. ಪಾಲಿಕೀಟ್ ಅನ್ನೋ ಹೆಸರಿನ ಅರ್ಥವೇ ಬಹಳ ಬಿರುಗೂದಲು ಇರೋದು ಅಂತ. ಬಣ್ಣ ಯಾಕೆ ಬೇಡ ಅಂದ್ರೆ, ಸ್ಪಿರಿಟ್‌ನಲ್ಲಿ ಇಟ್ಟ ಹುಳು ಬೇಗ ಬಿಳಚಿಕೊಳ್ಳುತ್ತೆ. ತಲೆ, ದವಡೆ, ಬಿರುಗೂದಲು ಉಳಿಯುತ್ತೆ.

ಈಗ ತಲೆ. ನಾಲ್ಕು ಕಣ್ಣು, ಮುಂದೆ ಎರಡು ಸಣ್ಣ ಮೀಸೆ, ಪಕ್ಕದಲ್ಲಿ ಎರಡು ದಪ್ಪ ಮೊಗ್ಗಿನಂಥದ್ದು ಇದ್ರೆ ನೀರಿಸ್ ಕುಟುಂಬ. ಇದರ ಗಂಟಲು ಕೈಚೀಲದ ಥರ ಒಳಗಿಂದ ಹೊರಗೆ ಮಗುಚುತ್ತೆ. ಆಗ ಕೊಕ್ಕೆಯಂಥ ಎರಡು ದವಡೆ, ಸುತ್ತ ಸಾಸಿವೆಗಿಂತ ಸಣ್ಣ ಕಪ್ಪು ಹಲ್ಲುಗಳು ಕಾಣುತ್ತೆ. ಆ ಹಲ್ಲು ಎಲ್ಲೆಲ್ಲಿ ಎಷ್ಟಿದೆ ಅಂತ ನೋಡಿಯೇ ಜಾತಿ ಹೇಳೋದು. ತಲೆ ಚೂಪಾಗಿ ಉಂಗುರ ಉಂಗುರ ಇದ್ದು, ದವಡೆ ನಾಲ್ಕಿದ್ರೆ ಗ್ಲೈಸೆರಾ. ಮೈ ಚೌಕಾಕಾರ ಇದ್ದು ಮುತ್ತಿನ ಹೊಳಪಿದ್ರೆ ನೆಫ್ಟಿಸ್ ಇರಬಹುದು. ಬಿಳಿ ಬಿರುಗೂದಲಿನ ದಟ್ಟ ಗೊಂಚಲು ಕಂಡ್ರೆ ಮಾತ್ರ ಮುಟ್ಟಬೇಡಿ, ಅದು ಬೆಂಕಿಹುಳು ಇರಬಹುದು. ಅದರ ಬಿರುಗೂದಲು ಚರ್ಮದಲ್ಲಿ ಮುರಿದು ಉರಿ ಎಬ್ಬಿಸುತ್ತೆ.

ಗುರುತಿಸೋ ಪುಸ್ತಕಗಳು ನಮ್ಮ ಇಫ್-ಎಲ್ಸ್ ಥರಾನೇ. ಮೊದಲ ಪ್ರಶ್ನೆಯಲ್ಲೇ ತಪ್ಪಿದ್ರೆ ಮುಂದೆಲ್ಲಾ ತಪ್ಪೇ. ಭಾರತದ ಪಾಲಿಕೀಟ್‌ಗಳಿಗೆ ಫ್ರಾನ್ಸಿನ ಪಿಯರ್ ಫೊವೆಲ್ 1953ರಲ್ಲಿ ಬರೆದ ಗ್ರಂಥವನ್ನ ಇವತ್ತಿಗೂ ತೆರೀತಾರೆ.

ಹೆಸರು ತಪ್ಪಿದ್ರೆ ಏನಾಯ್ತು ಅಂತೀರಾ? ಕ್ಯಾಪಿಟೆಲ್ಲಾ ಅಂತ ಒಂದಿದೆ. ತಲೆಯಲ್ಲಿ ಮೀಸೆ ಇಲ್ಲ, ಕಾಲು ಇದೆಯೋ ಇಲ್ಲವೋ ಅನ್ನೋ ಹಾಗೆ, ನಿಜವಾಗಲೂ ಎರೆಹುಳದಂತೆ ಕಾಣುತ್ತೆ. ಕೊಳಚೆ ಜಾಸ್ತಿಯಾಗಿ ಬೇರೆ ಜೀವಿಗಳು ಸಾಯೋ ಕೆಸರಲ್ಲಿ ಇದು ತುಂಬಿಕೊಳ್ಳುತ್ತೆ. ಅದಕ್ಕೇ ಇಂಥ ಹುಳು ಎಣಿಸಿ ನೀರಿನ ಆರೋಗ್ಯ ಹೇಳ್ತಾರೆ. ಥಾಣೆ ಖಾಡಿಯ ಪಾಲಿಕೀಟ್‌ಗಳ ಮೇಲೆಯೇ 2009ರಲ್ಲಿ 'ಅಕ್ವಾಟಿಕ್ ಇಕಾಲಜಿ' ಪತ್ರಿಕೆಯಲ್ಲಿ ಸಂಶೋಧನಾ ಪ್ರಬಂಧ ಬಂದಿದೆ. ನನ್ನಂಥೋನು ಲ್ಯಾಬಲ್ಲಿ ಕೂತು ನೀರಿಸನ್ನ ಕ್ಯಾಪಿಟೆಲ್ಲಾ ಅಂತ ಬರೆದ್ರೆ ವರದಿಯೇ ಉಲ್ಟಾ ಹೊಡೆಯುತ್ತೆ.

ಕಣ್ಣಿಗೂ ಒಂದು ಮಿತಿ ಇದೆ ಅನ್ನಿ. ಲೋಕವೆಲ್ಲ ಒಂದೇ ಜಾತಿ ಅಂದುಕೊಂಡಿದ್ದ ಕ್ಯಾಪಿಟೆಲ್ಲಾದಲ್ಲಿ ಕನಿಷ್ಠ 6 ಜಾತಿ ಇದೆ ಅಂತ ಅಮೆರಿಕದ ಗ್ರಾಸ್ಲ್ ದಂಪತಿ 1976ರಲ್ಲಿ ತೋರಿಸಿದರು. ಹೊರಗಿಂದ ನೋಡಿದ್ರೆ ವ್ಯತ್ಯಾಸ ಗೊತ್ತಾಗೋದೇ ಕಷ್ಟ. ಕಿಣ್ವಗಳ ಪರೀಕ್ಷೆ ಬೇಕಾಯ್ತು.

ನಮ್ಮ ಫೋಟೋದಲ್ಲಿ ನಾಲ್ಕು ಕಣ್ಣೂ ಇತ್ತು, ಮೀಸೆಯೂ ಇತ್ತು. ಗಂಟಲು ಮಾತ್ರ ಒಳಗೇ ಇತ್ತು. "ಜಾತಿ ಹೇಳಾಕ ಬರಂಗಿಲ್ಲ" ಅಂದ್ರು ಮೇಷ್ಟ್ರು. ಅಭಯಾರಣ್ಯದಿಂದ ಹುಳು ಎತ್ತಿಕೊಂಡು ಬರೋ ಹಾಗೂ ಇಲ್ಲ. ಮಗಳು 'ಎರೆಹುಳು' ಹೊಡೆದು ಹಾಕಿ 'ನೀರಿಸ್ ಕುಟುಂಬ' ಅಂತ ಬರೆದಳು. ಪಕ್ಕದಲ್ಲಿ, ನನಗೆ ತೋರಿಸದೇ, 'ಮೊದಲು ಅಪ್ಪ ತಪ್ಪು ಹೇಳಿದ್ದರು' ಅಂತಲೂ ಬರೆದಿದ್ದಾಳೆ. ಜಾತಿಯ ಕಾಲಂ ಇನ್ನೂ ಖಾಲಿ ಇದೆ.

ಸರಿ, ಪ್ರಶ್ನೆ ಇದ್ರೆ ಕೇಳಿ.