ಅಪ್ರಸ್ತುತ ಪ್ರಸಂಗಿ



ನೀವು ಅಷ್ಟಾವಧಾನವನ್ನು ನೋಡಿದ್ದೀರಾ? ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯೊಡ್ಡುತ್ತಾರೆ, ಒಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ, ಇನ್ನೊಬ್ಬರು ನಾಲ್ಕು ಪದ ಕೊಟ್ಟು ಪದ್ಯ ಕೇಳುತ್ತಾರೆ. ಅವಧಾನಿಯು ಸುತ್ತಿಗೊಂದು ಪಾದ ಹೇಳಿ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನವರತ್ತ ತಿರುಗಬೇಕು. ಕಾಗದ, ಲೇಖನಿ ಮುಟ್ಟುವಂತಿಲ್ಲ. ಇಷ್ಟು ಸಾಲದೆಂಬಂತೆ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರಿರುತ್ತಾರೆ. ನಡುನಡುವೆ ಏನನ್ನಾದರೂ ಕೇಳಿ ಗಮನ ಕೆಡಿಸುವುದೇ ಅವರ ಕೆಲಸ! 2012ರಲ್ಲಿ ನಮ್ಮ ಜಯನಗರದ ಎನ್.ಎಂ.ಕೆ.ಆರ್.ವಿ. ಕಾಲೇಜಿನಲ್ಲಿ ಡಾ. ಆರ್. ಗಣೇಶ್ ಅವರು ಕನ್ನಡದಲ್ಲಿ ಶತಾವಧಾನ ನಡೆಸಿದಾಗ ಪೃಚ್ಛಕರು ನೂರು ಮಂದಿ.

ನಿಮ್ಮ ಪುಸ್ತಕದ ಪಕ್ಕದಲ್ಲಿರುವ ಮೊಬೈಲ್ ಫೋನೂ ಒಬ್ಬ ಅಪ್ರಸ್ತುತ ಪ್ರಸಂಗಿಯೇ. ಅವಧಾನಿ ಆತನಿಗೆ ಉತ್ತರ ಕೊಟ್ಟು ಪದ್ಯಕ್ಕೆ ಮರಳುತ್ತಾರೆ. ನಾವು ಮರಳುತ್ತೇವೆಯೆ?

ನನ್ನ ಮಗ ದ್ವಿತೀಯ ಪಿ.ಯು. ಓದುತ್ತಿದ್ದಾನೆ. ಒಂದು ಸಂಜೆ ಭೌತಶಾಸ್ತ್ರದ ಲೆಕ್ಕವೊಂದನ್ನು ಮಾಡುತ್ತಿದ್ದ. ದತ್ತಾಂಶ, ಸೂತ್ರ, ಕೇಳಿದ್ದೇನು ಎಂಬುದು ಇವೆಲ್ಲವನ್ನೂ ಮಿದುಳು ಆ ಹೊತ್ತಿಗೆ ಹಿಡಿದಿಟ್ಟುಕೊಂಡಿರಬೇಕು. ಆ ತಾತ್ಕಾಲಿಕ ನೆನಪಿನ ಜಾಗ ಬಹಳ ಚಿಕ್ಕದು. ಫೋನು ಸದ್ದು ಮಾಡಿತು, ನೋಡಿದ, ಅರ್ಧ ನಿಮಿಷವೂ ಆಗಲಿಲ್ಲ. ಆದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಓದಿದ. ಹೀಗೆ ನಾಲ್ಕು ಸಲ. ‘ಅಪ್ಪಾ, ನನಗೆ ಫಿಸಿಕ್ಸ್ ಹತ್ತೋದಿಲ್ಲ’ ಎಂದ. ಹತ್ತದಿದ್ದದ್ದು ಭೌತಶಾಸ್ತ್ರವಲ್ಲ ಎಂದು ನನಗನ್ನಿಸಿತು.

ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನದರಲ್ಲೇ ಉಳಿಯುತ್ತದೆಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದದ್ದನ್ನು ಕಂಡರು. ಸದ್ದಡಗಿಸಿದ ಫೋನು ಮೇಜಿನ ಮೇಲಿದ್ದವರಿಗಿಂತ, ಅದನ್ನು ಬೇರೆ ಕೋಣೆಯಲ್ಲಿ ಬಿಟ್ಟುಬಂದವರು ಪರೀಕ್ಷೆಯಲ್ಲಿ ಮೇಲಾಗಿದ್ದರು. ನಂತರ ಈ ಪ್ರಯೋಗ ಮಾಡಿದವರಿಗೆಲ್ಲ ಇದೇ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ವಿಜ್ಞಾನ ಓದಿದವನು ಅದನ್ನು ಮುಚ್ಚಿಡಬಾರದು.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಚಿತ್ರ ಥಟ್ಟನೆ ಬದಲಾದರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆಂಬುದು ನಮ್ಮ ಸಂಕಲನ ಕೊಠಡಿಯಲ್ಲಿ ಎಲ್ಲರಿಗೂ ಗೊತ್ತು. ಅದನ್ನೇ ನಂಬಿ ನಾವೂ ಅನ್ನ ತಿಂದಿದ್ದೇವೆ. ಆದರೆ ನಮ್ಮ ಕಾರ್ಯಕ್ರಮ ಅರ್ಧ ಗಂಟೆಗೆ ಮುಗಿಯುತ್ತಿತ್ತು. ಬೆರಳು ಸವರಿದಷ್ಟೂ ಬರುವ ಚಿತ್ರಗಳಿಗೆ ಮುಕ್ತಾಯವೇ ಇಲ್ಲ. ಬಿಡಲೇ ಆಗದೆ ಸಂಕಟಪಡುವವರಿಗಾಗಿ ನಿಮ್ಹಾನ್ಸ್ 2014ರಲ್ಲಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ಅಲ್ಲಿಗೆ ಹೋಗಲು ನಾಚಬೇಕಾದ್ದೇನಿಲ್ಲ.

ಅಂತರ್ಜಾಲವನ್ನೇ ಬಿಡಿ ಎಂದರೆ ನೀವು ನಗುತ್ತೀರಿ. ನಿಮ್ಮ ಪಾಠವೂ ಅದರಲ್ಲೇ ಇದೆ. ಒಂದು ಲೆಕ್ಕ ಮುಗಿಯುವವರೆಗೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೋಡಿ. ಮಗ ಈಗ ಅದನ್ನು ಅಜ್ಜಿಯ ಕೋಣೆಯಲ್ಲಿಡುತ್ತಾನೆ. ಇದನ್ನು ಬರೆಯುವಾಗ ನಾನೂ ನನ್ನದನ್ನು ಅಡುಗೆಮನೆಯಲ್ಲಿಟ್ಟಿದ್ದೆ. ಎರಡು ಸಲ ಎದ್ದುಹೋದೆ. ಎರಡನೆಯ ಸಲ ಬರೀ ನೀರು ಕುಡಿದು ಬಂದೆ.