ಅಜ್ಜಿ ತೆರೆದಿಟ್ಟ ಬಾಗಿಲು



‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಹೊಡೆತ ತಿಂದು ತವರಿಗೆ ಬಂದ ಮಗಳನ್ನು ‘ಹೊಂದಿಕೊಂಡು ಹೋಗವ್ವ’ ಎಂದು ಮತ್ತೆ ಬಸ್ಸು ಹತ್ತಿಸುವುದು ಈ ಗಾದೆಯ ಬಲದಿಂದಲೇ. ಇದನ್ನು ಒಪ್ಪದ ಒಬ್ಬ ಹೆಂಗಸನ್ನು ನಾನು ಕಂಡಿದ್ದೇನೆ. ಆಕೆ ನನ್ನ ಅಜ್ಜಿ.

ಅಜ್ಜಿಯ ಮನೆ ಇದ್ದದ್ದು ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಕರೆಂಟು ಕೊಟ್ಟ ಶಿವನಸಮುದ್ರದ ವಿದ್ಯುದಾಗಾರದ ನೌಕರರ ಊರು ಅದು. ತಾತ ಅಲ್ಲಿ ಕೆಲಸಕ್ಕಿದ್ದರು. ದಸರಾ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಅಲ್ಲಿಗೇ. ಬಿಸಿ ಮುದ್ದೆ, ಉಪ್ಸಾರು, ಅಜ್ಜಿಯ ಸೆರಗಿನ ಹೊಗೆ ವಾಸನೆ, ರಾತ್ರಿಯೆಲ್ಲ ಗಗನಚುಕ್ಕಿಯ ಮೊರೆತ.

ಅಂಥದೊಂದು ರಜೆಯಲ್ಲಿ ಚಿಕ್ಕಮ್ಮ ಕತ್ತಲಾದ ಮೇಲೆ ಬಟ್ಟೆ ಗಂಟು ಹಿಡಿದು ಒಬ್ಬಳೇ ಬಂದಳು. ಮದುವೆಯಲ್ಲಿ ಒಪ್ಪಿದ್ದ ಸೈಕಲ್ಲು, ವಾಚು ಬಂದಿಲ್ಲವೆಂದು ಗಂಡನ ಮನೆಯವರು ಹೊಡೆದಿದ್ದರು. ಬೆಳಗಾಗುವುದರೊಳಗೆ ವಾಪಸು ಬಿಟ್ಟುಬನ್ನಿ, ಊರು ಏನಂದೀತು ಎಂದರು ನೆಂಟರು. ಅಜ್ಜಿ ಹೇಳಿದ್ದು ಇಷ್ಟೇ: ‘ಮೊದಲು ಉಂಡು ಮಲಗಲಿ. ಹೋಗುವುದು ಬಿಡುವುದು ಅವಳ ಮಾತು.’ ಚಿಕ್ಕಮ್ಮ ಹೋಗಲಿಲ್ಲ. ಹೊಲಿಗೆ ಕಲಿತು ತನ್ನ ಅನ್ನ ತಾನೇ ದುಡಿದಳು.

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿತ್ತು. ಆದರೆ ಆ ರಾತ್ರಿ ಅವಳನ್ನು ಉಳಿಸಿದ್ದು ಒಂದು ಚಾಪೆ, ಒಂದು ತಟ್ಟೆ ಊಟ. ಯೋಚಿಸಿ ನೋಡಿ, ಅಜ್ಜಿಯ ಹೆಸರಿನಲ್ಲಿ ಒಂದು ಗೇಣು ಜಾಗವಿರಲಿಲ್ಲ. ಆ ಮನೆಯೂ ತಾತನ ನೌಕರಿಯ ಕ್ವಾರ್ಟರ್ಸು.

ಅಜ್ಜಿ ಕರುಣೆಯಿಂದ ಮಾಡಿದ್ದನ್ನು ಇಂದು ನಾವು ಹಕ್ಕೆಂದು ಕೇಳಬಹುದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾದ ಮಗಳಿಗೂ ಮಗನಷ್ಟೇ ಪಾಲು. ಅಲ್ಲಿಗೆ ಗಾದೆ ಸುಳ್ಳಾಯಿತು. ಅದೇ ವರ್ಷದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇನ್ನೊಂದು ಮಾತು ಹೇಳುತ್ತದೆ: ಗಂಡನೊಡನೆ ಬಾಳಿದ ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿರುವ ಹಕ್ಕು ನಿಮಗಿದೆ, ಮನಸ್ಸು ಬಂದಂತೆ ಹೊರಗೆ ಹಾಕುವಂತಿಲ್ಲ. ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಿ. ಮಹಿಳಾ ಸಹಾಯವಾಣಿ 181.

ಆದರೂ ಕಚೇರಿ ಬಾಗಿಲು ತೆರೆಯುವುದು ಬೆಳಗ್ಗೆ. ಏಟು ಬೀಳುವುದು ರಾತ್ರಿ. ಆದ್ದರಿಂದ ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇನ್ನೊಂದು ವಿಷಯ ಮಾತಾಡಿ. ನಮ್ಮ ಸಂಘದ ಯಾವ ಹೆಂಗಸಾದರೂ ಕತ್ತಲಲ್ಲಿ ಹೊರಬಿದ್ದರೆ, ಯಾರ ಮನೆಯ ಬಾಗಿಲು ತಟ್ಟಬೇಕು? ಅಂಥ ಎರಡು ಮನೆಗಳನ್ನು ಅಂದೇ ಗೊತ್ತುಮಾಡಿಕೊಳ್ಳಿ.