ನಗಿಸೋರನ್ನ ಏನು ಕೇಳ್ಬೇಕು?

ಇಯರ್‌ಫೋನ್ ಹಾಕ್ಕೊಂಡಿರೋರಿಗೂ, ಚಿಂತಾಮಣಿ ಬಸ್ಸಲ್ಲಿ ಫೋನ್ ಸ್ಪೀಕರ್ ಆನ್ ಮಾಡಿ ಪಕ್ಕದೋರಿಗೂ ಕೇಳಿಸ್ತಿರೋ ಪುಣ್ಯಾತ್ಮರಿಗೂ ಸ್ವಾಗತ. ಇವತ್ತು ಗೆಸ್ಟ್ ಇಲ್ಲ, ನಾನೊಬ್ಬನೇ ಮಾತಾಡ್ತೀನಿ.

ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್ ಬರ್ತಿದೆ. "ಬ್ರೋ, ಕಾಮಿಡಿಯನ್‌ಗಳನ್ನ ಕರೆಸಿ, ಕಷ್ಟ ಕೇಳಿ, ಅತ್ರೆ ಅದನ್ನ ರೀಲ್ ಮಾಡಿ." ಲೆಕ್ಕ ನನಗೂ ಗೊತ್ತು, ಬಿ.ಕಾಂ ಓದಿದೋನು ನಾನು. ನಗು ಕ್ಲಿಪ್‌ಗಿಂತ ಕಣ್ಣೀರಿನ ಕ್ಲಿಪ್ ಜಾಸ್ತಿ ಓಡುತ್ತೆ.

ಆದ್ರೆ ಟಿ.ಎನ್. ಬಾಲಕೃಷ್ಣ ಅವರನ್ನ ನೆನೆಸ್ಕೊಳ್ಳಿ. 'ಬಂಗಾರದ ಮನುಷ್ಯ' ಚಿತ್ರದ ರಾಚೂಟಪ್ಪ ಅಂದ್ರೆ ನಿಮ್ಮ ತಾತನಿಗೆ ತಕ್ಷಣ ಗೊತ್ತಾಗುತ್ತೆ. ಅರಸೀಕೆರೆಯವರು. 1943ರ 'ರಾಧಾರಮಣ'ದಿಂದ ಶುರುಮಾಡಿ 500ಕ್ಕೂ ಹೆಚ್ಚು ಸಿನಿಮಾ ಮಾಡಿದ್ರು. ಅವರಿಗೆ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ! ಎದುರಿಗಿದ್ದೋರ ತುಟಿ ನೋಡಿ, ಅವರ ಮಾತು ಎಲ್ಲಿ ಮುಗಿಯುತ್ತೆ ಅಂತ ಹಿಡಿದು ತಮ್ಮ ಡೈಲಾಗ್ ಹೇಳ್ತಿದ್ರು. ಕಾಮಿಡಿಯಲ್ಲಿ ಅರ್ಧ ಸೆಕೆಂಡ್ ತಡವಾದ್ರೆ ನಗು ಸತ್ತಂಗೆ. ಅವರ ಸೀನ್‌ಗಳಲ್ಲಿ ಆ ತಡ ಎಲ್ಲಿದೆ, ಹುಡುಕಿ ನೋಡಿ. ದುಡಿದ ದುಡ್ಡನ್ನ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಹಾಕಿದ್ರು. ಅದು ಅಂದ್ಕೊಂಡಂಗೆ ಕೈಹಿಡಿಯಲಿಲ್ಲ. 1995ರಲ್ಲಿ ತೀರ್ಕೊಂಡ್ರು. ಅವರು ಇವತ್ತು ನನ್ನೆದುರು ಕೂತಿದ್ರೆ "ಕಿವಿ ಕೇಳಿಸದೆ ಎಷ್ಟು ನೋವಾಯ್ತು ಸಾರ್?" ಅಂತ ಕೇಳಲ್ಲ. "ಎದುರಿನ ನಟ ಬೆನ್ನು ತಿರುಗಿಸಿದ್ರೆ ಏನ್ಮಾಡ್ತಿದ್ರಿ?" ಅಂತ ಕೇಳ್ತೀನಿ. ಕಷ್ಟ ಅದ್ರಲ್ಲೇ ಇದೆ, ಕಸುಬೂ ಅದ್ರಲ್ಲೇ ಇದೆ.

ಈಗ ಮುಂದಿನ ಎಪಿಸೋಡ್ ವಿಷಯ. ಗೆಸ್ಟ್ ನಮ್ಮ ಕಡೆಯವರೇ, ಸ್ಟೇಜ್ ಕಾಮಿಡಿಯನ್. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನಮ್ಮ ಜಿಲ್ಲೇಲಿ ಇದೇನು ಹೊಸದಲ್ಲ ಬಿಡಿ. ಅವರಪ್ಪ ರೇಷ್ಮೆ ಹುಳ ಸಾಕ್ತಿದ್ರು. ಒಂದು ಬೆಳೆ ರೋಗ ಬಂದು ಪೂರ್ತಿ ಹೋಯ್ತು. ಗೂಡು ಕಟ್ಟೋ ಹುಳಕ್ಕೆ ಇಟ್ಟಿದ್ದ ಚಂದ್ರಿಕೆಗಳನ್ನೂ ಮಾರ್ಬೇಕಾಯ್ತಂತೆ. ಇದನ್ನೆಲ್ಲ ನಗ್ತಾನೇ ಹೇಳಿದ್ರು. ಆಮೇಲೆ ಆ ಸಾಲದಿಂದ ಅಕ್ಕನ ಮದುವೆ ನಿಂತಿದ್ದು ಬಂತು, ಅಲ್ಲಿ ಅತ್ತುಬಿಟ್ರು. 11 ನಿಮಿಷ.

ಎರಡು ದಿನ ಬಿಟ್ಟು ಫೋನ್ ಬಂತು. "ಅಣ್ಣಾ, ಅದನ್ನ ತೆಗೆದುಬಿಡು. ಹುಳ ಹೋಗಿದ್ದು, ಚಂದ್ರಿಕೆ ಮಾರಿದ್ದು ಇರ್ಲಿ. ಅಕ್ಕಂದು ಬೇಡ. ಅವಳಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ, ಅವರ ಮನೆಯೋರೂ ನಮ್ಮ ಶೋ ಕೇಳ್ತಾರೆ."

ಎಡಿಟ್ ಮಾಡೋ ಫ್ರೆಂಡ್‌ಗೆ ಸಿಟ್ಟು. "ಇಡೀ ಎಪಿಸೋಡಲ್ಲಿ ಇದೇ ಕಣೋ ಇರೋದು! ಕ್ಯಾಮೆರಾ ಮುಂದೆ ಅವರೇ ತಾನೆ ಹೇಳಿದ್ದು?" ಹೌದು, ಹೇಳಿದ್ದು ಅವರೇ. ಆದ್ರೆ ಅವರ ಅಕ್ಕ ನನ್ನ ಮೈಕ್ ಮುಂದೆ ಕೂತಿರಲಿಲ್ಲ, ಅವರನ್ನ ಯಾರೂ ಕೇಳಿರಲೂ ಇಲ್ಲ. 11 ನಿಮಿಷಾನೂ ತೆಗೆದೆ. ಒರಿಜಿನಲ್ ಫೈಲೂ ಇಟ್ಕೊಂಡಿಲ್ಲ.

ನಮ್ಮ ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯನವರು ಇಲ್ಲಿ ನೆನಪಾಗ್ತಾರೆ. ಬಡತನದಲ್ಲಿ ಓದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದೋರು. ತಮ್ಮ ಆತ್ಮಕಥೆಗೆ 'ಹೋರಾಟದ ಹಾದಿ' ಅಂತ ಹೆಸರಿಟ್ರು. ಅದ್ರಲ್ಲಿ ಏನು ಬರೀಬೇಕು, ಏನು ಬಿಡ್ಬೇಕು ಅಂತ ನಿರ್ಧಾರ ಮಾಡಿದ್ದು ಅವರೇ, ಯಾವ ಎಡಿಟರ್ರೂ ಅಲ್ಲ. ನನ್ನೆದುರು ಕೂತು ಮಾತಾಡೋರಿಗೆ ಆ ಅವಕಾಶ ಸುಲಭಕ್ಕೆ ಸಿಗಲ್ಲ, ಬಾಯಿಂದ ಬಂದಿದ್ದು ಬಂದೇಬಿಡುತ್ತೆ. ಅದಕ್ಕೆ ಇನ್ಮೇಲೆ ಅಪ್‌ಲೋಡ್‌ಗೆ ಮುಂಚೆ ಗೆಸ್ಟ್‌ಗೆ ಪೂರ್ತಿ ಆಡಿಯೋ ಕಳಿಸ್ತೀನಿ. ಎಪಿಸೋಡ್ ಒಂದು ವಾರ ಲೇಟಾಗ್ಬಹುದು, ಬೈಕೋಬೇಡಿ.

ಶುಕ್ರವಾರ ಇದು ಬರುತ್ತೆ. 'ಅನ್‌ಕಟ್ ಹಾಕಿ' ಅಂತ ಮೆಸೇಜ್ ಮಾಡ್ಬೇಡಿ, ನನ್ನ ಹತ್ರ ಇಲ್ಲ. ಮೊದಲ ಶೋ ದುಡ್ಡಲ್ಲಿ ಅವರು ಅಪ್ಪನಿಗೆ ಏನು ತಂದುಕೊಟ್ರು, ಅದನ್ನ ನೋಡಿ ಅಪ್ಪ ಏನಂತ ಬೈದ್ರು ಅನ್ನೋದು ಮಾತ್ರ ಪೂರ್ತಿ ಇದೆ. ತೆಲುಗಲ್ಲೇ ಬೈದಿದ್ದಾರೆ.